ಒಲ ಅಂದರೆ ನಮಸ್ಕಾರ

ನನಗೆ ಅನುಮಾನದ ಬುದ್ಧಿ ಹುಟ್ಟಿನಿಂದಲೇ ಬಂದದ್ದು. ಬಸ್ಸಿನಲ್ಲಿ ಪಕ್ಕದವರು ನನ್ನ ನೋಡಿ ನಕ್ಕರೆ ಬ್ಯಾಗಿನ ಜಿಪ್ ಮುಟ್ಟಿ ನೋಡಿಕೊಳ್ಳುತ್ತೇನೆ. ತರಕಾರಿಯವನು ತಾನಾಗಿ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೆ, ಅಡಿಯಲ್ಲಿರುವ ಟೊಮೇಟೊ ಕೊಳೆತಿರಬೇಕು ಅಂದುಕೊಳ್ಳುತ್ತೇನೆ. "ಅನುಮಾನ ದೊಡ್ಡ ರೋಗ ಕಣೆ, ಅದುಕ್ಕೆ ಮದ್ದಿಲ್ಲ" ಎಂದು ಅಮ್ಮ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಆದರೆ ಎರಡು ವರ್ಷದ ಹಿಂದೆ ತಮಿಳುನಾಡಿನ ಮಾರಂಡಹಳ್ಳಿಯ ಆಚೆ ನನ್ನನ್ನೂ ಮೀರಿಸಿದ ಅನುಮಾನಸ್ಥರು ಸಿಕ್ಕರು. ಅವರಿಗೆ ಅನುಮಾನ ಬಂದದ್ದು ನನ್ನ ಮೇಲೆ.

ಸೇಲಂನ ಒಂದು ಕಂಪನಿಯಲ್ಲಿ ಎಂಟು ವರ್ಷ, ಸ್ಪ್ಯಾನಿಷ್‌ನಲ್ಲಿ ಬರುವ ಆಸ್ಪತ್ರೆ ಕಾಗದಗಳನ್ನು ಇಂಗ್ಲಿಷಿಗೆ ಇಳಿಸುವ ಕೆಲಸ ಮಾಡಿದ್ದೆ. ಆ ಕೆಲಸವನ್ನು ಕಂಪ್ಯೂಟರೇ ಕಲಿತುಕೊಂಡ ಮೇಲೆ ನಮ್ಮನ್ನೆಲ್ಲ ಕೂರಿಸಿ, ಕೇಕ್ ಕತ್ತರಿಸಿ, ಮನೆಗೆ ಕಳಿಸಿದರು. ಎರಡು ತಿಂಗಳು ಕಳೆದು ಒಂದು ಫೋನ್ ಬಂತು. ಮಾರಂಡಹಳ್ಳಿಯಿಂದ ನಾಲ್ಕು ಮೈಲಿ ಆಚೆ ಹೊಸದಾಗಿ ಶುರುವಾದ ಪ್ರೈಮರಿ ಶಾಲೆಯಂತೆ, ಒಂದರಿಂದ ಐದನೇ ಕ್ಲಾಸಿನವರೆಗೆ ಸ್ಪ್ಯಾನಿಷ್ ಹೇಳಿಕೊಡಬೇಕಂತೆ. ಇದು ಮೋಸವೇ ಸೈ ಅಂದುಕೊಂಡೆ. ರಾಗಿ ಬೆಳೆಯುವವರ ಮಕ್ಕಳಿಗೆ ಸ್ಪ್ಯಾನಿಷ್ ಯಾಕೆ?

ಶಾಲೆಯ ಯಜಮಾನರನ್ನು ನಮ್ಮ ಕಡೆ ಕರೆಸ್ಪಾಂಡೆಂಟ್ ಅನ್ನುತ್ತಾರೆ. ಆತ ಬಿಳಿ ಅಂಗಿ ತೊಟ್ಟು, ಮೂರು ಫೋನ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂತಿದ್ದರು. ನನ್ನ ಪ್ರಶ್ನೆಗೆ ಅವರ ಉತ್ತರ ಸಿದ್ಧವಾಗಿತ್ತು. ಹಿಂದಿ ಇಟ್ಟರೆ ಜಗಳ. ಫ್ರೆಂಚನ್ನು ಧರ್ಮಪುರಿಯಲ್ಲಿ ಯಾರೋ ಆಗಲೇ ಇಟ್ಟಾಗಿದೆ. ಸ್ಪ್ಯಾನಿಷ್ ಅಂದರೆ ಯಾರಿಗೂ ಕೋಪವಿಲ್ಲ, ಯಾಕೆಂದರೆ ಅದೇನೆಂದು ಯಾರಿಗೂ ಗೊತ್ತಿಲ್ಲ. ಈ ಮಾತನ್ನು ಕೇಳಿ ಆತನ ಮೇಲೆ ನನಗೆ ಸ್ವಲ್ಪ ಗೌರವವೂ ಬಂತು, ಭಯವೂ ಬಂತು.

ಒಂದೇ ಒಂದು ಷರತ್ತು. ನಾನು ಕನ್ನಡ ಮಾತಾಡಕೂಡದು. ಅಲ್ಲಿಯ ಅರ್ಧಕ್ಕರ್ಧ ಮಕ್ಕಳ ಮನೆಮಾತು ಕನ್ನಡ, ಅದು ಅವರಿಗೂ ಗೊತ್ತು. "ಕನ್ನಡಂ ಪೇಸುರ ಟೀಚರ್ ಅವಂಗ ವೀಟ್ಲಯೇ ಇರ್ಕಾಂಗ, ಮೇಡಂ" ಎಂದರು. ಕನ್ನಡ ಮಾತಾಡುವ ಟೀಚರ್ ಅವರ ಮನೆಯಲ್ಲೇ ಅಜ್ಜಿಯ ರೂಪದಲ್ಲಿ ಇದ್ದಾಳೆ, ಅದಕ್ಕೆ ಫೀಸ್ ಯಾರು ಕಟ್ಟುತ್ತಾರೆ ಎನ್ನುವುದು ಅವರ ವಾದ. ಇಂಗ್ಲಿಷ್, ಸ್ಪ್ಯಾನಿಷ್, ತೀರ ಬೇಕಾದರೆ ಅಂಗಡಿಯಲ್ಲಿ ತಮಿಳು. ಕನ್ನಡ ಮಾತ್ರ ಗೊತ್ತೇ ಇಲ್ಲದವಳ ಹಾಗೆ ಇರಬೇಕು. ಹೊಟ್ಟೆಪಾಡು, ನಾನು ಒಪ್ಪಿಕೊಂಡೆ. ಮಾರಂಡಹಳ್ಳಿಯಲ್ಲೇ ಒಂದು ರೂಮು ಹಿಡಿದೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಸೇಲಂಗೆ ಹೋಗಿ ಅಮ್ಮನ ಹತ್ತಿರ ಒಂದೂವರೆ ದಿನ ಬಾಯಿ ತುಂಬ ಕನ್ನಡ ಮಾತಾಡಿ ಬರುತ್ತಿದ್ದೆ.

ಶಾಲೆಯ ತಂತಿ ಬೇಲಿಗೆ ತಾಗಿಕೊಂಡೇ ಒಬ್ಬ ಮುದುಕರ ಹೊಲವಿತ್ತು. ರಾಗಿ, ನಡುವೆ ಸಾಲು ಬಿಟ್ಟು ಅವರೆ, ಬಾವಿಯ ಪಕ್ಕದಲ್ಲಿ ನಾಲ್ಕು ಸಾಲು ಟೊಮೇಟೊ. ಅದು ಸಿಕ್ಕರೆ ಆಟದ ಮೈದಾನ ಮಾಡಬಹುದು ಎಂದು ಕರೆಸ್ಪಾಂಡೆಂಟ್ ಎರಡು ಸಲ ಕೇಳಿದ್ದರಂತೆ, ಮುದುಕರು ಎರಡು ಸಲವೂ ಆಗುವುದಿಲ್ಲ ಎಂದಿದ್ದರಂತೆ. ಆದರೂ ಮೊಮ್ಮಗಳನ್ನು ಮಾತ್ರ ಇದೇ ಶಾಲೆಗೆ ಸೇರಿಸಿದ್ದರು, ಹೊಲದಲ್ಲಿ ನಿಂತರೆ ಅವಳು ಕಣ್ಣಿಗೆ ಕಾಣುತ್ತಾಳೆ ಅನ್ನುವ ಕಾರಣಕ್ಕೆ. ಇದನ್ನೆಲ್ಲ ನನಗೆ ಹೇಳಿದ್ದು ಎರಡನೇ ಕ್ಲಾಸಿನ ಕ್ಲಾಸ್ ಟೀಚರ್.

ಮೊದಲ ದಿನ ನಾನು ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಅಕ್ಷರ ಬರೆದೆ: ಎಚ್, ಓ, ಎಲ್, ಎ. ಸ್ಪ್ಯಾನಿಷ್‌ನವರು ಒಬ್ಬರನ್ನೊಬ್ಬರು ಕಂಡಾಗ ಹೇಳುವ ನಮಸ್ಕಾರ ಅದು. ಬರೆಯುವಾಗ ಎಚ್ ಇರುತ್ತದೆ, ಬಾಯಿಗೆ ಬರುವುದಿಲ್ಲ. 'ಒಲಾ' ಅನ್ನಬೇಕು. ದೊಡ್ಡ ಊರಿನ ಮಕ್ಕಳಿಗೆ ಇದನ್ನು ಕಲಿಸಲು ವಾರ ಬೇಕಂತೆ, ಎಚ್ ಕಂಡ ಕೂಡಲೇ ಅವರಿಗೆ ಹಕಾರ ಬರುತ್ತದೆ. ಈ ಮಕ್ಕಳಿಗೆ ಅರ್ಧ ನಿಮಿಷ ಸಾಕಾಯಿತು. ಹೋಗು ಅನ್ನುವುದನ್ನು ಓಗು, ಹೇಳು ಅನ್ನುವುದನ್ನು ಏಳು ಎಂದೇ ಬೆಳೆದ ನಾಲಿಗೆಗಳು ಅವು. ನಮ್ಮಮ್ಮನೂ ಪೆನ್ನಾಗರಂ ಕಡೆಯವಳು, ಅವಳ ಬಾಯಲ್ಲೂ ಹಕಾರ ನಿಲ್ಲದು. ಚಿಕ್ಕವಳಿದ್ದಾಗ ಬೆಂಗಳೂರಿನ ನೆಂಟರ ಮನೆಯಲ್ಲಿ ನನ್ನಿಂದ 'ಹಾಲು ಹಣ್ಣು ಹೂವು' ಹೇಳಿಸಿ ಹೇಳಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆ ಅವಮಾನ ನನಗೆ ಇನ್ನೂ ಹಸಿಯಾಗಿದೆ. ಹಕಾರ ನುಂಗುವುದೇ ಸರಿ ಅನ್ನುವ ಒಂದು ದೇಶದ ಮಾತನ್ನು ಈ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ ಎಂದು ಅವತ್ತು ನಿಜಕ್ಕೂ ಖುಷಿಪಟ್ಟೆ.

ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಂದೊಂದು ಮಗುವಿಗೂ ಒಲಾ ಅನ್ನುತ್ತಿದ್ದೆ. ಅವರು ಒಲಾ ಅಂದ ಮೇಲೆಯೇ ಒಳಗೆ ಬಿಡುತ್ತಿದ್ದೆ. ಒಬ್ಬಳು ಮಾತ್ರ ಅನ್ನಲಿಲ್ಲ. ಎರಡನೇ ಕ್ಲಾಸಿನ ಹುಡುಗಿ, ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ಬೇಲಿಯಾಚೆಯ ಮುದುಕರ ಮೊಮ್ಮಗಳು ಅವಳೇ. ಉಳಿದದ್ದರಲ್ಲಿ ಅವಳೇ ಮುಂದು. ಊನೊ, ದೋಸ್, ತ್ರೇಸ್ ಎಂದು ಇಪ್ಪತ್ತರವರೆಗೆ ಮೊದಲು ಎಣಿಸಿದವಳು ಅವಳು. ಮೇಜು ಮುಟ್ಟಿ ತೋರಿಸಿ ಮೇಸಾ ಎಂದು ಹೇಳಿಕೊಟ್ಟಾಗ "ಇದು ನಮ್ ಮಾತೇಯಾ" ಎಂದು ಪಕ್ಕದವಳ ಕಿವಿಯಲ್ಲಿ ಅಂದವಳೂ ಅವಳೇ. ಆದರೆ ಬಾಗಿಲಲ್ಲಿ ನಾನು ಒಲಾ ಅಂದರೆ ತುಟಿ ಬಿಗಿ ಹಿಡಿದು, ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಕಡೆಗೆ ನಾನೇ ಸೋತು ದಾರಿ ಬಿಡುತ್ತಿದ್ದೆ.

ಇದರ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ಮೊದಲು ಕ್ಲಾಸ್ ಟೀಚರ್ ಮೇಲೆ ಅನುಮಾನಪಟ್ಟೆ, ತನ್ನ ತಮಿಳು ಪೀರಿಯಡ್ಡು ಒಂದನ್ನು ನನಗೆ ಬಿಟ್ಟುಕೊಡಬೇಕಾಯಿತಲ್ಲ, ಆ ಹೊಟ್ಟೆಯುರಿಗೆ ಹೇಳಿಕೊಟ್ಟಿರಬೇಕು. ಪಾಪ, ಆಕೆ ನನಗೆ ದಿನಾ ಮಜ್ಜಿಗೆ ತಂದುಕೊಡುತ್ತಿದ್ದಳು. ಮಜ್ಜಿಗೆ ಯಾಕೆ ಕೊಡುತ್ತಾಳೆ ಅನ್ನುವುದೂ ಒಂದು ಅನುಮಾನವಾಯಿತು.

ಹೀಗಿರುವಾಗ ಆ ಹುಡುಗಿಯೇ ನನ್ನ ಹತ್ತಿರ ಬಂದಳು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಒಬ್ಬಳೇ ಕೂರುತ್ತಿದ್ದೆ. ಅವಳು ತನ್ನ ಡಬ್ಬಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಮುದ್ದೆ, ಉಪ್ಪೆಸರು. ಎರಡು ತುತ್ತು ನುಂಗಿ ಕನ್ನಡದಲ್ಲಿ ಶುರು ಮಾಡಿದಳು.

"ನಿಮ್ಗೆ ಒಂದೂ ಅರ್ತ ಆಗಲ್ಲ ಅಲ್ವಾ ಮಿಸ್? ಅದುಕ್ಕೇ ಏಳ್ತೀನಿ."

ಇದು ಕರೆಸ್ಪಾಂಡೆಂಟ್ ಒಡ್ಡಿದ ಬಲೆ. ನಾನು ಕನ್ನಡಕ್ಕೆ ಬಾಯಿ ಬಿಡುತ್ತೇನೋ ಇಲ್ಲವೋ ನೋಡಲು ಮಗುವನ್ನು ಕಳಿಸಿದ್ದಾರೆ. ನಾನು ಮುಖವನ್ನು ಗೋಡೆ ಮಾಡಿಕೊಂಡು, ಇಂಗ್ಲಿಷಿನಲ್ಲಿ "ಊಟ ಮಾಡು" ಎಂದೆ. ಅವಳಿಗೆ ಅದೇ ಬೇಕಾಗಿತ್ತು. ಅವತ್ತಿನಿಂದ ದಿನಾ ಬಂದಳು. ಬೆಕ್ಕು ಮೂರು ಮರಿ ಹಾಕಿದ್ದು, ತಾತ ಬೀಡಿಯನ್ನು ಹಸುವಿನ ಕೊಟ್ಟಿಗೆಯಲ್ಲಿ ಬಚ್ಚಿಡುವುದು, ಪಕ್ಕದ ಬೆಂಚಿನವಳು ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡು ನೀರು ಚೆಲ್ಲಿತು ಅಂದದ್ದು. ಕಲ್ಲಿನ ಮುಂದೆ ಹೇಳಿಕೊಂಡ ಹಾಗೆ ಹೇಳಿಕೊಳ್ಳುತ್ತಿದ್ದಳು. ಒಂದು ವಾರದಲ್ಲಿ ನನಗೆ ಬಲೆಯ ಭಯ ಹೋಯಿತು. ಎರಡು ವಾರದಲ್ಲಿ ಊಟದ ಬೆಲ್ಲಿಗೆ ಕಾಯತೊಡಗಿದೆ. ನಗು ತಡೆಯಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ಅವಳು ಡಬ್ಬಿ ತೆಗೆಯಲೇ ಇಲ್ಲ.

"ಅವ್ವ ತಿರುಪ್ಪೂರ್ ಕಂಪ್ನಿನಾಗೆ ಐತೆ, ಪೊಂಗಲ್‌ಗೆ ಬತ್ತದೆ ಅಂತ ತಾತ ಏಳ್ತದೆ. ಬರಲ್ಲ ಮಿಸ್. ಅವ್ವ ಅಲ್ಲೇ ಬ್ಯಾರೆ ಮದ್ವೆ ಆಗೈತೆ. ಪಾಪು ಉಟ್ಟೈತೆ. ತಾತ ಫೋನ್ನಾಗೆ ಮಾತಾಡ್ವಾಗ ನಾನು ಕೇಳ್ಕೊಂಡ್ಬುಟ್ಟೆ. ನಂಗೆ ಗೊತ್ತೈತೆ ಅಂತ ತಾತಂಗೆ ಗೊತ್ತಿಲ್ಲ. ಗೊತ್ತಾದ್ರೆ ಅಳ್ತದೆ. ಅದುಕ್ಕೆ ಪೊಂಗಲ್‌ಗೆ ಇನ್ನೆಷ್ಟ್ ದಿನ ಅಂತ ಸುಮ್ನೆ ಕೇಳ್ತಾ ಇರ್ತೀನಿ."

ಅಪ್ಪ ಸತ್ತು ಮೂರು ವರ್ಷವಾಗಿದ್ದ ಮಗು. ಅವಳ ತಲೆ ಸವರಬೇಕು ಅನ್ನಿಸಿತು. ಸವರಿದರೆ ಅರ್ಥವಾಯಿತು ಅಂತ ತಿಳಿದುಬಿಡುತ್ತದೆ. ಕೈ ಮಡಿಲಲ್ಲೇ ಇಟ್ಟುಕೊಂಡು ಬೇಲಿಯ ಕಡೆ ನೋಡಿದೆ. ಆ ದಿನ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಶನಿವಾರ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು, ನನಗೆ ಕನ್ನಡ ಬಾರದು ಅನ್ನುವ ಧೈರ್ಯದಲ್ಲಿ, ನನ್ನ ವಿಷಯವನ್ನೇ ಮಾತಾಡುತ್ತಿದ್ದರು.

"ಇದೇ ಯಮ್ಮ. ಬಾಗ್ಲಾಗೇ ನಿಂತ್ಕೊಂಡು ಒಂದೊಂದ್ ಮಗೂನೂ ಒಲ ಕೇಳ್ತದಂತೆ."

"ಯಾರ ಒಲ?"

"ಯಾರ್ದು ಸಿಕ್ರೆ ಅವ್ರುದು. ಉಡುಗ್ರೂ ಒಲ ಒಲ ಅಂತ ಒಪ್ಕೊಂಡು ಒಳಕ್ ಓಗ್ತವಂತೆ. ಎಲ್ಲಾ ಆ ಕರೆಸ್ಪಾಂಡೆಂಟ್ ಪ್ಲಾನು."

ನನಗೆ ಕೂಡಲೇ ಹೊಳೆಯಲಿಲ್ಲ. ನಾವು ಸೇಲಂನ ಬಾಡಿಗೆ ಮನೆಯವರು, ನಮಗೆ ಹೊಲವೇ ಇಲ್ಲ, ಆದ್ದರಿಂದ ಆ ಮಾತೂ ನಮ್ಮ ಬಾಯಲ್ಲಿ ಬರುವುದಿಲ್ಲ. ಒಲೆಯ ಮಾತೋ ಏನೋ ಅಂದುಕೊಂಡೆ. ಪಾಲಕೋಡ್ ದಾಟಿದ ಮೇಲೆ ಫಕ್ಕನೆ ಅರ್ಥವಾಯಿತು. ಹೊಲ, ಹಕಾರ ನುಂಗಿದರೆ ಒಲ. ನಾನು ದಿನಾ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಂತು ಮೂವತ್ತು ರೈತರ ಮಕ್ಕಳ ಹತ್ತಿರ ಹೊಲ, ಹೊಲ ಎಂದು ಕೇಳುತ್ತಿದ್ದೆ. ಕೊಟ್ಟೆವು ಅನ್ನುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಧರ್ಮಪುರಿ ಬರುವವರೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಅಲ್ಲಿಂದ ಸೇಲಂವರೆಗೆ ನಗು ಬರಲಿಲ್ಲ. ಹಿಂದೆ ತಿರುಗಿ ಎರಡು ಮಾತು ಕನ್ನಡದಲ್ಲಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ಆ ಇಬ್ಬರಲ್ಲಿ ಯಾರಾದರೂ ಕರೆಸ್ಪಾಂಡೆಂಟ್ ಕಿವಿಗೆ ಹಾಕಿದರೆ ನನ್ನ ಕೆಲಸ ಹೋಗುತ್ತದೆ.

ಸೋಮವಾರ ಹುಡುಗಿ ಮರದ ಕೆಳಗೆ ಅದನ್ನೇ ಹೇಳಿದಳು. ತಾತ ಅವಳಿಗೆ ಎಚ್ಚರಿಕೆ ಕೊಟ್ಟಿದ್ದರಂತೆ, ಆ ಮಾತನ್ನು ಬಾಯಿ ಬಿಟ್ಟು ಅನ್ನಬೇಡ, ಮನೆಮಗಳೇ ಅಂದುಬಿಟ್ಟರೆ ಕೊಟ್ಟಂಗೆ ಲೆಕ್ಕ ಎಂದು. ಇನ್ನೂ ಒಂದು ಹೇಳಿದಳು. ಈ ಸ್ಕೂಲು ಬಿಡಿಸಿ ಮೆಟ್ಟೂರಿನ ಹಾಸ್ಟೆಲ್ಲಿಗೆ ಹಾಕುವ ಮಾತು ಮನೆಯಲ್ಲಿ ನಡೆಯುತ್ತಿದೆ.

"ಆಸ್ಟೆಲ್‌ಗೆ ಓಗ್ಬುಟ್ರೆ ಅವ್ವ ಒಂದ್ವೇಳೆ ಬಂದ್ರೆ ನಾನ್ ಎಲ್ಲಿವ್ನಿ ಅಂತ ಎಂಗ್ ಗೊತ್ತಾಗ್ತದೆ ಮಿಸ್?"

ಬರುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಆದರೂ 'ಒಂದ್ವೇಳೆ' ಅಂದಳು. ನಾನು ಮರುದಿನದಿಂದ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟೆ, ಬರೀ ಕೈ ಬೀಸಿದೆ. ಅದು ಸಾಕಾಗಬಹುದು ಅಂದುಕೊಂಡೆ.

ಆದರೆ ತಿಂಗಳ ಟೆಸ್ಟ್ ಪೇಪರು ಆಗಲೇ ಮನೆಗಳಿಗೆ ಹೋಗಿತ್ತು. ಮೇಲುಗಡೆ ದೊಡ್ಡ ಅಕ್ಷರದಲ್ಲಿ ಅದೇ ನಾಲ್ಕು ಅಕ್ಷರ, ಸುತ್ತ ಹೂವಿನ ಚಿತ್ರ, ಕೆಳಗಡೆ ಗೆರೆ ಎಳೆದು ಪೇರೆಂಟ್ಸ್ ಸೈನ್. ಮುದುಕರಿಗೆ ಇಂಗ್ಲಿಷ್ ಓದಲು ಬರದು. ಹೊಸೂರಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹುಡುಗನಿಗೆ ತೋರಿಸಿದ್ದಾರೆ. ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಅಭ್ಯಾಸವಾದ ಅವನು ಎಚ್, ಓ, ಎಲ್, ಎ ಎಂದು ಕೂಡಿಸಿ ಓದಿ, "ಹೊಲ ಅಂತ ಬರ್ದವ್ರೆ ತಾತ, ಕೆಳಗೆ ನಿನ್ ಸೈನ್ ಕೇಳವ್ರೆ" ಎಂದಿದ್ದಾನೆ. ಅವನದೇನೂ ತಪ್ಪಿಲ್ಲ. ಬರೆದದ್ದನ್ನೇ ಓದಿದ್ದಾನೆ.

ಗುರುವಾರ ಬೆಳಿಗ್ಗೆ ನನ್ನನ್ನು ಆಫೀಸಿಗೆ ಕರೆದರು. ಮುದುಕರು ಹೆಗಲ ಮೇಲಿನ ಟವೆಲ್ಲನ್ನೂ ತೆಗೆಯದೆ ನಿಂತಿದ್ದರು, ಪೇಪರನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದರು. ಹುಡುಗಿ ಬ್ಯಾಗು ಹೊತ್ತುಕೊಂಡು ಅವರ ಪಂಚೆ ಹಿಡಿದು ನಿಂತಿದ್ದಳು. "ಟೀಸಿ ಕುಡುಂಗ" ಎಂದು ತಮಿಳಿನಲ್ಲಿ ಒಂದೇ ಮಾತು ಅವರದು. ಬೇರೆ ಶಾಲೆಗೆ ಸೇರಿಸಲು ಬೇಕಾದ ಕಾಗದ ಅದು. ಯಾಕೆ ಎಂದು ಕರೆಸ್ಪಾಂಡೆಂಟ್ ಕೇಳಿದರೆ, "ಎಲ್ಲಾ ಉಂಗಳ್ಕೇ ತೆರಿಯುಂ" ಎಂದರು, ಎಲ್ಲಾ ನಿಮಗೇ ಗೊತ್ತು ಎಂದು. ಅವರು ಕರೆಸ್ಪಾಂಡೆಂಟರನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಪರಿಚಯ, ನಾನು ಕನ್ನಡಿಯಲ್ಲಿ ಕಾಣುವ ಕಣ್ಣುಗಳೇ ಅವು. ಕರೆಸ್ಪಾಂಡೆಂಟರಿಗೋ, ಪಕ್ಕದೂರಿನ ಶಾಲೆಯವರು ಮಗುವನ್ನು ಎಳೆದುಕೊಳ್ಳುತ್ತಿದ್ದಾರೆ ಅನ್ನುವ ಅನುಮಾನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಆ ಕೋಣೆಯಲ್ಲಿ ತುಂಬಿದ್ದೆವು. ಬರೆದು ಕೊಡಿ ಎಂದು ಕರೆಸ್ಪಾಂಡೆಂಟ್ ಕ್ಲರ್ಕಿಗೆ ಹೇಳಿದರು. ಕ್ಲರ್ಕ್ ಪುಸ್ತಕ ತೆಗೆದು ಹುಡುಗಿಯ ಹೆಸರು ಬರೆಯತೊಡಗಿದಳು.

ಹುಡುಗಿ ಅಳಲಿಲ್ಲ. ಬಾಗಿಲ ಕಡೆಗೆ, ರಸ್ತೆಯ ಕಡೆಗೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ತಾತ, ಅದು ಒಲ ಅಲ್ಲ" ಎಂದುಬಿಟ್ಟೆ.

ಕ್ಲರ್ಕಿನ ಪೆನ್ನು ನಿಂತಿತು. ನಾನು ಒಂದೇ ಉಸಿರಿಗೆ ಹೇಳಿದೆ. ಅದು ಬೇರೆ ದೇಶದ ಮಾತು, ನಾವು ವಣಕ್ಕಂ ಅಂದ ಹಾಗೆ, ನಮಸ್ಕಾರ ಅಂದ ಹಾಗೆ, ನಿಮ್ಮ ಹೊಲ ನನಗೆ ಬೇಡ, ಅಲ್ಲಿ ಸೈನ್ ಹಾಕಿದರೆ ಮಗು ಹತ್ತಕ್ಕೆ ಒಂಬತ್ತು ಅಂಕ ತೆಗೆದಿದೆ ಎಂದು ನೋಡಿದ ಹಾಗೆ, ಅಷ್ಟೇ.

ಮುದುಕರು ಕಣ್ಣು ಕಿರಿದು ಮಾಡಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನೀನು ನಮ್ಮೋಳಾ?"

"ಅಮ್ಮ ಪೆನ್ನಾಗರಂ ಕಡೆಯವಳು, ತಾತ."

"ಅಂಗಂತ ಯಾರ್ ಬೇಕಾದ್ರೂ ಏಳ್ಬೋದು. ನಿಮ್ಮವ್ವ ಹೋಗು ಅಂತಾಳಾ, ಓಗು ಅಂತಾಳಾ?" ಮೊದಲನೆಯದರ ಹಕಾರಕ್ಕೆ ಅವರು ಬಹಳ ಕಷ್ಟಪಟ್ಟರು.

"ಓಗು ಅಂತಾಳೆ" ಎಂದೆ. "ಸಿಟ್ಟು ಬಂದ್ರೆ ಓಗಲೇ ಅಂತಾಳೆ."

ಮುದುಕರು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಪೇಪರಿನ ಮಡಿಕೆ ಬಿಚ್ಚಿ ಮೇಜಿನ ಮೇಲೆ ಅಂಗೈಯಿಂದ ತೀಡಿ, ಕ್ಲರ್ಕಿನ ಪೆನ್ನು ಇಸಿದುಕೊಂಡು ತಮಿಳಿನಲ್ಲಿ ನಿಧಾನವಾಗಿ ತಮ್ಮ ಹೆಸರು ಬರೆದರು. "ನಮಸ್ಕಾರಕ್ಕೂ ಒಲ ಅನ್ನೋ ಜನ ಅವ್ರಾ? ಒಳ್ಳೇ ಬೇಸಾಯಗಾರ್ರೇ ಇರ್ಬೇಕು" ಎಂದು ಹೇಳಿ ಹೊರಟರು. ಕರೆಸ್ಪಾಂಡೆಂಟರಿಗೆ ಅರ್ಧ ಅರ್ಥವಾಗಿತ್ತು, ಅರ್ಧ ಇಲ್ಲ. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪೇರೆಂಟ್ಸ್ ಮೀಟಿಂಗಿಗೆ ಕನ್ನಡದವರನ್ನು ನೀವೇ ನೋಡಿಕೊಳ್ಳಿ ಮೇಡಂ ಎಂದರು. ಇದರಲ್ಲೂ ಏನೋ ಲೆಕ್ಕಾಚಾರವಿದೆ ಎಂದು ನನಗೆ ಇವತ್ತಿಗೂ ಗುಮಾನಿ.

ಗೆದ್ದೆ ಅಂದುಕೊಂಡು ವರಾಂಡಕ್ಕೆ ಬಂದೆ. ಹುಡುಗಿ ಕ್ಲಾಸಿಗೆ ಹೋಗದೆ ಕಂಬದ ಪಕ್ಕ ನಿಂತಿದ್ದಳು.

"ಮಿಸ್‌ಗೆ ಕನ್ನಡ ಬತ್ತದಾ?"

"ಬರ್ತದೆ."

"ಮೊದ್ಲಿಂದ್ಲೂವಾ?"

"ಹೂಂ."

ಅವಳು ಬ್ಯಾಗಿನ ಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ತಾನು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದು ಅವಳ ಮುಖದಲ್ಲೇ ತಿಳಿಯುತ್ತಿತ್ತು. ಬೆಕ್ಕಿನ ಮರಿ, ಬೀಡಿ, ಪಕ್ಕದ ಬೆಂಚಿನವಳು. ಆಮೇಲೆ ಅದಕ್ಕೆ ಬಂದಳು.

"ಪಾಪುದೂ ಕೇಳುಸ್ತಾ?"

ಸುಳ್ಳು ಹೇಳಬಹುದಾಗಿತ್ತು. ಅಷ್ಟು ದಿನ ಬಾಯಿ ತೆರೆಯದೆಯೇ ಹೇಳಿದ್ದೆನಲ್ಲ, ಇನ್ನೊಂದು ಏನು ಭಾರ. "ಕೇಳಿಸ್ತು ಪುಟ್ಟಿ" ಎಂದೆ. "ಯಾರಿಗೂ ಹೇಳಲ್ಲ. ತಾತಂಗೂ ಹೇಳಲ್ಲ."

ನಂಬಬೇಕೋ ಬೇಡವೋ ಎಂದು ಅವಳು ನನ್ನನ್ನು ನೋಡಿದಳು. ಜೀವನವಿಡೀ ನಾನು ಎಲ್ಲರನ್ನೂ ನೋಡಿದ ನೋಟ ಅದು. ಊರಿನವರು ನನ್ನನ್ನು ಹಾಗೆ ನೋಡಿದ್ದು ತಪ್ಪಾಗಿತ್ತು, ಅವಳು ನೋಡಿದ್ದು ಸರಿಯಾಗಿಯೇ ಇತ್ತು. "ಸರಿಂಗ ಮಿಸ್" ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದಳು.

ಈಗ ಅವಳು ನಾಲ್ಕನೇ ಕ್ಲಾಸು. ಸ್ಪ್ಯಾನಿಷ್‌ನಲ್ಲಿ ಅವಳನ್ನು ಮೀರಿಸುವವರಿಲ್ಲ. ತಾತ ಬೇಲಿಯಾಚೆಯಿಂದ ಕೂಗಿ ನನಗೆ ಅವರೆಕಾಯಿ ಕೊಡುತ್ತಾರೆ, ಊರಿನವರೆಲ್ಲ ಕನ್ನಡದಲ್ಲಿ ಮಾತಾಡಿಸುತ್ತಾರೆ. ಹುಣಸೆ ಮರದ ಕೆಳಗೆ ಅವಳು ಮತ್ತೆ ಬರಲಿಲ್ಲ. ಮಧ್ಯಾಹ್ನ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಬಂದಾಗ ನಾನು ದಿನಾ ಕನ್ನಡದಲ್ಲೇ ಕೇಳುತ್ತೇನೆ, ಊಟ ಆಯ್ತಾ ಪುಟ್ಟಿ ಎಂದು. ಅವಳು ತಲೆ ಎತ್ತಿ, ಆಯ್ತು ಎಂದು ಮರ್ಯಾದೆಯಿಂದ, ತಮಿಳಿನಲ್ಲಿ, "ಸಾಪ್ಟೇಂಗ ಮಿಸ್" ಅನ್ನುತ್ತಾಳೆ.